ಹಾರರ್ ಮತ್ತು ಸೈಫೈ ಥ್ರಿಲ್ಲರ್ ವಿಮರ್ಶೆ: ಹೆದರಿಕೆಯ ಕಾರಣ ಹುಡುಕುವುದು ಹೇಗೆ

ಹಾರರ್ ಸಿನಿಮಾ ನೋಡಿ ಹೊರಬಂದವರ ಬಾಯಲ್ಲಿ ಮೊದಲು ಬರುವ ಮಾತು ಎರಡರಲ್ಲಿ ಒಂದು: "ಸಖತ್ ಹೆದರಿಸ್ತು", ಇಲ್ಲವೇ "ಏನೂ ಹೆದರಿಕೆ ಆಗ್ಲಿಲ್ಲ". ಸ್ನೇಹಿತರ ನಡುವೆ ಅಷ್ಟು ಸಾಕು. ವಿಮರ್ಶೆಗೆ ಸಾಲದು. ಹೆದರಿಕೆ ನೋಡುವವರ ಮೈಮನಸ್ಸಿಗೆ ಸೇರಿದ್ದು. ಒಬ್ಬರಿಗೆ ರಕ್ತ ಕಂಡರಾಗದು, ಇನ್ನೊಬ್ಬರಿಗೆ ದೆವ್ವ ಎಂದರೇ ಸಪ್ಪೆ. ಆ ಹೆದರಿಕೆ ಹುಟ್ಟಿಸಲು ಮಾಡಿದ ಕೆಲಸ ಮಾತ್ರ ಸಿನಿಮಾಕ್ಕೆ ಸೇರಿದ್ದು. ಸದ್ದು ಎಲ್ಲಿ ನಿಂತಿತು, ಶಾಟ್ ಎಷ್ಟು ಹೊತ್ತು ಹಿಡಿದು ನಿಲ್ಲಿಸಿತು, ಯಾವ ಸಂಗತಿ ಪಾತ್ರಕ್ಕಿಂತ ಮೊದಲೇ ನಮಗೆ ಗೊತ್ತಾಯಿತು, ಕಥೆ ತಾನೇ ಹಾಕಿಕೊಂಡ ನಿಯಮವನ್ನು ಕೊನೆಯ ರೀಲಿನವರೆಗೂ ಪಾಲಿಸಿತೇ? ಇವೆಲ್ಲ ಪರದೆಯ ಮೇಲೆ ಇರುವಂಥವು. ಬೇರೆಯವರು ಅದೇ ದೃಶ್ಯ ನೋಡಿ ನಿಮ್ಮ ಮಾತು ಸರಿಯೋ ತಪ್ಪೋ ಹೇಳಬಹುದು. ವಿಮರ್ಶಕರು ಹಿಡಿಯಬೇಕಾದ್ದು ಅವನ್ನೇ.

ಬೆಚ್ಚುವುದು ಬೇರೆ, ಹೆದರುವುದು ಬೇರೆ

ದಿಢೀರನೆ ಜೋರು ಸದ್ದಾದರೆ ಮನುಷ್ಯರ ದೇಹ ತಾನಾಗಿಯೇ ಬೆಚ್ಚುತ್ತದೆ. ಸದ್ದು ಕಿವಿಗೆ ಬಿದ್ದ 30ರಿಂದ 50 ಮಿಲಿಸೆಕೆಂಡುಗಳಲ್ಲಿ ಕಣ್ಣುರೆಪ್ಪೆ ಮುಚ್ಚಿಕೊಳ್ಳತೊಡಗುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವ ಸಿನಿಮಾದಲ್ಲಿ ಒಂದು ಫ್ರೇಮಿನ ಆಯಸ್ಸು ಸುಮಾರು 42 ಮಿಲಿಸೆಕೆಂಡು. ಅಂದರೆ ಪರದೆಯ ಮೇಲೆ ಬಂದದ್ದು ಏನೆಂದು ತಲೆಗೆ ಹೋಗುವ ಮೊದಲೇ ಮೈ ಒಮ್ಮೆ ಅದುರಿ ಆಗಿರುತ್ತದೆ. ಹಾಗಾಗಿ ಜಂಪ್ ಸ್ಕೇರ್‌ಗೆ, ಅಂದರೆ ದಿಢೀರ್ ಸದ್ದು, ದೃಶ್ಯದಿಂದ ಬೆಚ್ಚಿಸುವ ತಂತ್ರಕ್ಕೆ, ಬೆಚ್ಚಿಬಿದ್ದದ್ದು ಸಿನಿಮಾ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಪಕ್ಕದ ಕೋಣೆಯಲ್ಲಿ ಬಾಗಿಲು ಧಡಾರನೆ ಬಡಿದರೂ ಅದೇ ಆಗುತ್ತದೆ.

ಆದರೆ ಜಂಪ್ ಸ್ಕೇರ್‌ನಲ್ಲೂ ಕಸುಬುಗಾರಿಕೆ ಇದೆ, ಅದನ್ನು ಅಗ್ಗದ ತಂತ್ರ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸೋಮಾರಿತನ. ಅದರ ಹಿಂದೆ ದೇಹದ ಎರಡು ಗುಣಗಳು ಕೆಲಸ ಮಾಡುತ್ತವೆ. ಮೊದಲೇ ಆತಂಕದಲ್ಲಿರುವ ಮನುಷ್ಯ ಅದೇ ಸದ್ದಿಗೆ ಹೆಚ್ಚು ಜೋರಾಗಿ ಬೆಚ್ಚುತ್ತಾನೆ. ಜೋರು ಸದ್ದಿಗೆ ತುಸು ಮುಂಚೆ, ಅಂದರೆ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ, ಸಣ್ಣದೊಂದು ಸದ್ದು ಬಂದರೆ ಬೆಚ್ಚುವಿಕೆ ಕುಗ್ಗುತ್ತದೆ. ಒಳ್ಳೆಯ ಸೌಂಡ್ ಎಡಿಟರ್‌ಗಳು ಹೊಡೆತಕ್ಕೆ ಮುಂಚಿನ ಕ್ಷಣವನ್ನು ಖಾಲಿ ಬಿಡುವುದಕ್ಕೂ ಈ ಗುಣಕ್ಕೂ ತಾಳೆಯಾಗುತ್ತದೆ. ಸಂಗೀತ ನಿಲ್ಲುತ್ತದೆ, ಫ್ಯಾನಿನ ಗುಂಯ್‌ಗುಡುವಿಕೆಯೂ ಇಳಿಯುತ್ತದೆ, ಉಸಿರಾಟ ಮಾತ್ರ ಉಳಿಯುತ್ತದೆ, ಕೊನೆಗೆ ಅದೂ ನಿಲ್ಲುತ್ತದೆ. ಕೆಲಸ ಬಾರದವರು ಈ ಜಾಗದಲ್ಲಿ ಪಿಟೀಲಿನ ಏರುಧ್ವನಿ ತುಂಬಿಸುತ್ತಾರೆ. "ಈಗ ಬರುತ್ತೆ ನೋಡಿ" ಎಂದು ಸಂಗೀತವೇ ಮುಂಚಿತವಾಗಿ ಹೇಳಿಬಿಡುತ್ತದೆ.

ಒಂದು ಜಂಪ್ ಸ್ಕೇರ್ ಅನ್ನು ಬಿಡಿಸಿ ನೋಡಿ. ಪಾತ್ರ ಕತ್ತಲ ಹಜಾರದಲ್ಲಿ ನಡೆಯುತ್ತಿದೆ. ಎಡಗಡೆ ಅರೆತೆರೆದ ಬಾಗಿಲು. ನಮ್ಮ ಕಣ್ಣು ಅಲ್ಲೇ ಇರಲೆಂದು ಬೆಳಕನ್ನೂ ಅಲ್ಲೇ ಇಟ್ಟಿದ್ದಾರೆ. ಪಾತ್ರ ಬಾಗಿಲು ದೂಡುತ್ತದೆ, ಒಳಗೆ ಏನೂ ಇಲ್ಲ. ನಾವು ಹಿಡಿದ ಉಸಿರು ಬಿಡುತ್ತೇವೆ. ಹೊಡೆತ ಬರುವುದು ಅದಾದ ಒಂದೆರಡು ಸೆಕೆಂಡಿಗೆ, ಬಲಗಡೆಯಿಂದ. ಇದನ್ನು ಪರೀಕ್ಷಿಸಲು ಮೂರು ಪ್ರಶ್ನೆ ಸಾಕು. ಆ ಜೋರು ಸದ್ದು ಕಥೆಯ ಲೋಕದೊಳಗಿನದೋ, ಹಿನ್ನೆಲೆ ಸಂಗೀತದವರು ಅಂಟಿಸಿದ್ದೋ? ಬಂದದ್ದು ನಿಜವಾದ ಅಪಾಯವೋ, ಭುಜದ ಮೇಲೆ ಕೈಯಿಟ್ಟ ಗೆಳತಿಯೋ? ಹೊಡೆತ ಮುಗಿದ ಮೇಲೆ ಕಥೆಯಲ್ಲಿ ಏನಾದರೂ ಬದಲಾಯಿತೋ, ಇಲ್ಲ ಎಲ್ಲ ಮೊದಲಿನಂತೆಯೇ ಮುಂದುವರಿಯಿತೋ? ಮೂರಕ್ಕೂ ಉತ್ತರ ನಿರಾಶೆಯದಾದರೆ ಆ ದೃಶ್ಯ ಬರೀ ಸದ್ದು. ಅಂಥವು ಒಂದು ಚಿತ್ರದಲ್ಲಿ ನಾಲ್ಕೈದು ಬಂದವೆಂದರೆ ಆರನೆಯದಕ್ಕೆ ಪ್ರೇಕ್ಷಕರು ಹೆದರುವುದಿಲ್ಲ, ಕಿವಿ ಮುಚ್ಚಿಕೊಂಡು ಕಾಯುತ್ತಾರೆ.

ಸುಳ್ಳು ಹೊಡೆತವೂ ಕೆಲವೊಮ್ಮೆ ಸಲ್ಲುತ್ತದೆ. 1942ರ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ರಾತ್ರಿ ಒಬ್ಬಳೇ ನಡೆಯುವ ಹೆಂಗಸಿನ ಹಿಂದೆ ಏನೋ ಬರುತ್ತಿರುತ್ತದೆ. ಮೃಗ ಎರಗಬೇಕಾದ ಕ್ಷಣದಲ್ಲಿ ಬಸ್ಸೊಂದು ಏರ್ ಬ್ರೇಕಿನ ಬುಸ್ ಸದ್ದಿನೊಂದಿಗೆ ಚೌಕಟ್ಟಿಗೆ ನುಗ್ಗುತ್ತದೆ. ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಿನಿಂದ ಈ ತಂತ್ರಕ್ಕೆ ‘ಲ್ಯೂಟನ್ ಬಸ್’ ಎಂದೇ ಕರೆಯುತ್ತಾರೆ. ಅಲ್ಲಿ ಬಸ್ಸಿನ ಸದ್ದು ಕಥೆಯೊಳಗಿನದು, ಹಿಂದೆ ಬರುತ್ತಿದ್ದದ್ದು ಏನೆಂಬ ಅನುಮಾನ ಹಾಗೇ ಉಳಿಯುತ್ತದೆ. ವ್ಯತ್ಯಾಸ ಇರುವುದು ಅಲ್ಲೇ.

ಮೌನವನ್ನೇ ಕಥೆಯ ಹೂರಣ ಮಾಡಿಕೊಂಡ ‘ಎ ಕ್ವಯಟ್ ಪ್ಲೇಸ್’ (2018) ಈ ದೃಷ್ಟಿಯಿಂದ ಮತ್ತೆ ಮತ್ತೆ ಕೇಳಬೇಕಾದ ಚಿತ್ರ. ಸದ್ದು ಕೇಳಿಸಿದರೆ ಸಾಕು, ಬೇಟೆಯಾಡುವ ಜೀವಿಗಳು ಎರಗುವ ಲೋಕ ಅದು. ಕಿವಿ ಕೇಳಿಸದ ಮಗಳ ಪಾತ್ರವನ್ನು ನಿಜಜೀವನದಲ್ಲೂ ಕಿವುಡರಾದ ಮಿಲಿಸೆಂಟ್ ಸಿಮಂಡ್ಸ್ ಮಾಡಿದ್ದಾರೆ. ಅವಳ ಕಿವಿಯ ಸಾಧನ ಕೆಲಸ ಮಾಡದಿರುವಾಗ, ಅವಳ ನೆಲೆಯಿಂದ ತೋರಿಸುವ ಕೆಲವು ಗಳಿಗೆಗಳಲ್ಲಿ ಸೌಂಡ್‌ಟ್ರ್ಯಾಕ್ ಪೂರ್ತಿ ಸ್ತಬ್ಧವಾಗುತ್ತದೆ. ಬೇರೆ ಕಡೆ ಮೌನವೆಂದರೆ ಗಾಳಿ, ಎಲೆ, ಮರಳಿನ ಮೇಲಿನ ಹೆಜ್ಜೆ. ಇಲ್ಲಿ ಏನೂ ಇಲ್ಲ. ಅಪಾಯ ಬೆನ್ನ ಹಿಂದೆಯೇ ಇದ್ದರೂ ಅವಳಿಗೆ ತಿಳಿಯದು ಎಂಬುದು ಸಂಭಾಷಣೆಯಿಲ್ಲದೆ ನಮಗೆ ಅರ್ಥವಾಗುತ್ತದೆ. ‘ಸೌಂಡ್ ಡಿಸೈನ್ ಅದ್ಭುತ’ ಎಂದು ಬರೆದರೆ ಓದುವವರಿಗೆ ಏನೂ ದಕ್ಕದು. ಎರಡು ಬಗೆಯ ಮೌನವಿದೆ, ಒಂದರಿಂದ ಇನ್ನೊಂದಕ್ಕೆ ಜಾರುವುದರಲ್ಲೇ ಭಯವಿದೆ ಎಂದು ಬರೆದರೆ ಓದುಗರು ಚಿತ್ರಮಂದಿರದಲ್ಲಿ ಅದಕ್ಕೆ ಕಿವಿಗೊಡುತ್ತಾರೆ.

ಖಾಲಿ ಜಾಗ, ಹಿಡಿದಿಟ್ಟ ಮಾಹಿತಿ

ಬೆಚ್ಚುವಿಕೆ ಸೆಕೆಂಡಿನ ಲೆಕ್ಕದ್ದು, ಆತಂಕ ನಿಮಿಷಗಳ ಲೆಕ್ಕದ್ದು. ಅದನ್ನು ಕಟ್ಟುವುದು ಚೌಕಟ್ಟು ಮತ್ತು ಮಾಹಿತಿ. ‘ದಿ ಇನ್‌ವಿಸಿಬಲ್ ಮ್ಯಾನ್’ (2020) ಚಿತ್ರದಲ್ಲಿ ನಿರ್ದೇಶಕ ಲೀ ವನೆಲ್ ಕ್ಯಾಮೆರಾವನ್ನು ನಾಯಕಿಯಿಂದ ಸರಿಸಿ ಖಾಲಿ ಮೂಲೆಯತ್ತ ತಿರುಗಿಸುತ್ತಾರೆ, ಅಲ್ಲೇ ನಿಲ್ಲಿಸುತ್ತಾರೆ. ಮೂಲೆಯಲ್ಲಿ ಕುರ್ಚಿ ಬಿಟ್ಟರೆ ಏನೂ ಇಲ್ಲ. ಸಾಮಾನ್ಯ ಚಿತ್ರದಲ್ಲಿ ಇದು ತಪ್ಪು ಶಾಟ್. ಇಲ್ಲಿ ಕಾಣದ ಮನುಷ್ಯ ಇದ್ದಾನೆಂಬ ಅನುಮಾನ ಮೊದಲೇ ಬಿತ್ತಿರುವುದರಿಂದ ಖಾಲಿ ಜಾಗವೇ ಪಾತ್ರವಾಗುತ್ತದೆ. ಇಂಥ ಶಾಟ್ ಕಂಡಾಗ ಮನಸ್ಸಿನಲ್ಲೇ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಕತ್ತರಿಸಿದರೆ ಅದು ಬರೀ ಮಾಹಿತಿ. ಎಂಟು, ಹತ್ತಕ್ಕೆ ಎಳೆದರೆ ನಿಮ್ಮ ಕಣ್ಣು ಮೂಲೆಮೂಲೆ ತಡಕಾಡತೊಡಗುತ್ತದೆ.

ಮಾಹಿತಿಯ ವಿಷಯದಲ್ಲಿ ಕೇಳಬೇಕಾದ್ದು, ಯಾರಿಗೆ ಮೊದಲು ಗೊತ್ತು ಎಂದು. ನಮಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ಹುಟ್ಟುವುದು ಆತಂಕ. ಪಾತ್ರಕ್ಕೆ ಗೊತ್ತಿದ್ದು ನಮಗೆ ಗೊತ್ತಿಲ್ಲದಿದ್ದರೆ ಕುತೂಹಲ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ನಿಗೂಢತೆ. ಥ್ರಿಲ್ಲರ್ ಈ ಮೂರರ ನಡುವೆ ಓಡಾಡುತ್ತದೆ. ಝ್ಯಾಕ್ ಕ್ರೆಗರ್ ಅವರ ‘ವೆಪನ್ಸ್’ (2025) ಒಂದೇ ತರಗತಿಯ 17 ಮಕ್ಕಳು ರಾತ್ರಿ 2 ಗಂಟೆ 17 ನಿಮಿಷಕ್ಕೆ ಮನೆಯಿಂದ ಓಡಿಹೋಗುವುದರಿಂದ ಶುರುವಾಗಿ, ಬೇರೆ ಬೇರೆ ಪಾತ್ರಗಳ ಹೆಸರಿನ ಭಾಗಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಒಂದು ಭಾಗದಲ್ಲಿ ಪಾತ್ರಕ್ಕೂ ನಮಗೂ ಅರ್ಥವಾಗದ ಘಟನೆ ಮುಂದಿನ ಭಾಗದಲ್ಲಿ ಇನ್ನೊಬ್ಬರ ಕಣ್ಣಿನಿಂದ ಬಂದಾಗ ನಾವು ಒಂದು ಹೆಜ್ಜೆ ಮುಂದಿರುತ್ತೇವೆ. ಇಂಥ ರಚನೆ ಇರುವ ಚಿತ್ರವನ್ನು ವಿಮರ್ಶಿಸುವಾಗ ಪ್ರತಿ ಭಾಗವೂ ಹೊಸ ಸಂಗತಿ ಕೊಟ್ಟಿತೇ, ಹಳೆಯದನ್ನೇ ಇನ್ನೊಂದು ಕೋನದಿಂದ ತೋರಿಸಿ ಹೊತ್ತು ಕಳೆಯಿತೇ ಎಂದು ಭಾಗಕ್ಕೊಂದು ಸಾಲು ಬರೆದು ನೋಡಿ. ಬರೆಯಲು ಸಾಲು ಸಿಗದ ಭಾಗವೇ ಚಿತ್ರ ಜೋಲುವ ಜಾಗ.

ಲೋಕದ ನಿಯಮ: ಲೆಕ್ಕ ಇಟ್ಟುಕೊಳ್ಳಬೇಕಾದ್ದು ಇಲ್ಲೇ

ಹಾರರ್ ಆಗಲಿ ಸೈಫೈ ಆಗಲಿ, ನಂಬಲಾಗದ ಒಂದು ಸಂಗತಿಯನ್ನು ನಂಬಿ ಎಂದು ಕೇಳಿಕೊಳ್ಳುತ್ತದೆ. ನಾವು ಒಪ್ಪುತ್ತೇವೆ. ಅದಕ್ಕೆ ಪ್ರತಿಯಾಗಿ ಉಳಿದದ್ದೆಲ್ಲ ಆ ಒಂದು ಸಂಗತಿಗೆ ಸರಿಹೊಂದಿ ನಡೆಯಬೇಕು. ವಿಮರ್ಶೆಯಲ್ಲಿ ಹೆಚ್ಚು ಎಡವುವುದು ಇಲ್ಲಿ. ‘ವಿಜ್ಞಾನಕ್ಕೆ ವಿರುದ್ಧ’ ಎಂದು ಬರೆಯುವುದು ಸುಲಭ, ಆದರೆ ಕಾಲಯಾನದ ಯಂತ್ರವನ್ನೇ ಒಪ್ಪಿಕೊಂಡ ಮೇಲೆ ಆ ತಕರಾರಿಗೆ ತೂಕವಿಲ್ಲ. ತೂಕವಿರುವುದು ‘ತನ್ನದೇ ನಿಯಮಕ್ಕೆ ವಿರುದ್ಧ’ ಎಂಬ ತಕರಾರಿಗೆ. ನಿರ್ವಾತದಲ್ಲಿ ಸದ್ದು ಹರಡದು. ಆದರೂ ಬಾಹ್ಯಾಕಾಶದ ಸ್ಫೋಟ ಕೇಳಿಸಿದರೆ ನಾನು ತಪ್ಪು ಎಣಿಸುವುದಿಲ್ಲ, ಚಿತ್ರದುದ್ದಕ್ಕೂ ಹಾಗೇ ಇದ್ದರೆ. ಮೊದಲ ಅರ್ಧ ಮೌನವಾಗಿಟ್ಟು ಕ್ಲೈಮ್ಯಾಕ್ಸ್‌ನಲ್ಲಿ ಮಾತ್ರ ಸದ್ದು ಹಾಕಿದರೆ ಅದು ತಪ್ಪು.

ಕಾಗದದ ಮೇಲೆ ಮೂರು ಅಂಕಣ ಹಾಕಿ: ನಿಯಮ ಏನು, ಎಷ್ಟನೇ ನಿಮಿಷದಲ್ಲಿ ಯಾರು ಹೇಳಿದರು, ಮುಂದೆ ಎಲ್ಲಿ ಬಳಕೆಯಾಯಿತು ಅಥವಾ ಮುರಿಯಿತು. ಆಸ್ಟ್ರೇಲಿಯಾದ ‘ಟಾಕ್ ಟು ಮಿ’ ಚಿತ್ರದ ನಿಯಮ ಚಿಕ್ಕದು: ಆತ್ಮಗಳನ್ನು ಕರೆಯಬಲ್ಲ ಒಂದು ಕೈಯ ಆಕೃತಿಯನ್ನು ಹಿಡಿದು ಆತ್ಮವನ್ನು ಒಳಗೆ ಕರೆದವರು 90 ಸೆಕೆಂಡಿನೊಳಗೆ ಬಿಡಬೇಕು. ನಿಯಮ ಹೇಳಿದ ಕೂಡಲೇ ಅದು ಮುರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಪ್ರಶ್ನೆ ಇರುವುದು ಹೇಗೆ ಮುರಿಯುತ್ತದೆ ಎಂಬುದರಲ್ಲಿ. ಅಲ್ಲಿ ಗಡಿಯಾರ ಕೆಡುವುದಿಲ್ಲ, ಯಾರೂ ಕಾಲು ಜಾರಿ ಬೀಳುವುದಿಲ್ಲ; ಒಂದು ಪಾತ್ರಕ್ಕೆ ಇನ್ನಷ್ಟು ಹೊತ್ತು ಬೇಕೆನಿಸುತ್ತದೆ, ಆ ಆಸೆಗೆ ಕಾರಣ ಮೊದಲೇ ನಮಗೆ ತಿಳಿದಿರುತ್ತದೆ. ನಿಯಮ ಮುರಿದದ್ದು ಪಾತ್ರದ ಒಳಗಿನಿಂದ. ಹಾಗಾಗಿಯೇ ಅದು ಚುಚ್ಚುತ್ತದೆ.

‘ದಿ ಸಬ್‌ಸ್ಟೆನ್ಸ್’ (2024) ಇದೇ ದಾರಿಯಲ್ಲಿ ಇನ್ನೂ ಕಟ್ಟುನಿಟ್ಟು. ಒಂದು ಔಷಧಿಯಿಂದ ನಾಯಕಿಗೆ ಇನ್ನೊಂದು ಯುವ ದೇಹ ಹುಟ್ಟುತ್ತದೆ. ಎರಡು ದೇಹಗಳು, ಒಂದೊಂದಕ್ಕೆ ಏಳೇಳು ದಿನ, ವಿನಾಯಿತಿ ಇಲ್ಲ. ಒಂದು ದೇಹ ಹೆಚ್ಚುವರಿ ಹೊತ್ತು ಕದ್ದರೆ ಇನ್ನೊಂದು ಅದರ ಬೆಲೆ ತೆರುತ್ತದೆ, ಮೊದಲು ಒಂದೇ ಒಂದು ಬೆರಳು ಮುದಿಯಾಗುತ್ತದೆ. ನಿರ್ದೇಶಕಿ ಕೊರಾಲಿ ಫಾರ್ಜಾ ದಂಡವನ್ನು ಬೆರಳಿನಿಂದ ಶುರುಮಾಡಿದ್ದರಿಂದ ಮುಂದೆ ಎಷ್ಟು ದೂರ ಹೋಗಬಹುದು ಎಂಬ ಅಳತೆ ಪ್ರೇಕ್ಷಕರ ಕೈಗೆ ಸಿಗುತ್ತದೆ. ಕೊನೆಯ ಭಾಗದ ಅತಿರೇಕ ಕೆಲವರಿಗೆ ಹಿಡಿಸಲಿಲ್ಲ, ಆದರೆ ಅದು ಎಲ್ಲಿಂದಲೋ ಉದುರಿದ್ದಲ್ಲ. ಮೊದಲ ಬೆರಳಿನ ಲೆಕ್ಕವೇ ಬಡ್ಡಿ ಸಮೇತ ಬಂದದ್ದು.

ಬಿತ್ತಿದ್ದನ್ನು ಕೊಯ್ಯುವುದಕ್ಕೆ ‘ಏಲಿಯನ್: ರೋಮ್ಯುಲಸ್’ (2024) ಚಿತ್ರದ ಒಂದು ಘಟ್ಟ ಹೇಳಲೇಬೇಕು. ಈ ಸರಣಿಯ ಅನ್ಯಗ್ರಹ ಜೀವಿಯ ರಕ್ತ ಲೋಹವನ್ನೂ ಕರಗಿಸುವ ಆಮ್ಲ ಎಂಬುದು 1979ರ ಮೊದಲ ಚಿತ್ರದಿಂದಲೇ ಬಂದ ನಿಯಮ. ಗುಂಡು ಹೊಡೆದರೆ ರಕ್ತ ಚೆಲ್ಲಿ ನೌಕೆಯೇ ತೂತಾಗುತ್ತದೆ, ಹಾಗಾಗಿ ಬಂದೂಕಿದ್ದರೂ ಪ್ರಯೋಜನವಿಲ್ಲ. ಇತ್ತ ಕಥೆ ನಡೆಯುವ ಬಾಹ್ಯಾಕಾಶ ನಿಲ್ದಾಣದ ಕೃತಕ ಗುರುತ್ವ ಆಗಾಗ ಹೋಗಿ ಬರುತ್ತದೆ ಎಂಬುದನ್ನೂ ಮೊದಲೇ ತೋರಿಸಿರುತ್ತಾರೆ. ಎರಡನ್ನೂ ಕೂಡಿಸಿ, ಗುರುತ್ವ ಆರಿಸಿ ಗುಂಡು ಹಾರಿಸಿದಾಗ ಆಮ್ಲ ಕೆಳಗೆ ಬೀಳದೆ ಗಾಳಿಯಲ್ಲಿ ತೇಲುತ್ತದೆ. ಈಗ ಅದರ ನಡುವೆ ನುಸುಳಿ ದಾಟಬೇಕು. ಪರಿಹಾರವೇ ಹೊಸ ಅಪಾಯ. ಎರಡು ಹಳೆಯ ನಿಯಮಗಳಿಂದ ಮೂರನೆಯ ಸನ್ನಿವೇಶ ಹುಟ್ಟಿಸುವುದು ಸೈಫೈ ಥ್ರಿಲ್ಲರ್ ಬರವಣಿಗೆಯ ಅತ್ಯುತ್ತಮ ಗುಣ ಎಂಬುದು ನನ್ನ ದೃಢ ಅಭಿಪ್ರಾಯ.

ಕಾಲಯಾನದ ಕಥೆಗಳಲ್ಲಿ ನಿಯಮ ಮೂರು ಬಗೆ. ಏನು ಮಾಡಿದರೂ ನಡೆದದ್ದೇ ನಡೆಯುತ್ತದೆ; ಹಿಂದಕ್ಕೆ ಹೋಗಿ ಬದಲಿಸಿದರೆ ಇಂದು ಬದಲಾಗುತ್ತದೆ; ಬದಲಿಸಿದ ಕೂಡಲೇ ಬೇರೆಯೇ ಲೋಕ ಕವಲೊಡೆಯುತ್ತದೆ. ಚಿತ್ರ ಯಾವುದನ್ನು ಆರಿಸಿದೆ ಎಂದು ಮಧ್ಯಂತರದೊಳಗೆ ಗೊತ್ತಾಗಬೇಕು. ಒಂದು ಅಡ್ಡಗೆರೆ ಎಳೆದು ಘಟನೆಗಳನ್ನು ಗುರುತಿಸಿ, ಪ್ರತಿ ಪಾತ್ರಕ್ಕೆ ಯಾವ ಬಿಂದುವಿನಲ್ಲಿ ಏನು ಗೊತ್ತಿತ್ತು ಎಂದು ಬರೆದರೆ ಹೊಲಿಗೆ ಬಿಟ್ಟ ಜಾಗ ತಾನೇ ಕಾಣುತ್ತದೆ. ಹೆಚ್ಚಿನ ಚಿತ್ರಗಳು ಕೆಡುವುದು ಮೊದಲ ಬಗೆಯಿಂದ ಶುರುಮಾಡಿ, ಸುಖಾಂತ್ಯಕ್ಕಾಗಿ ಎರಡನೆಯದಕ್ಕೆ ಹಾರಿದಾಗ.

ಇನ್ನೊಂದು ಎಚ್ಚರಿಕೆ. ನಿಯಮಭಂಗ ಬೇರೆ, ಪಾತ್ರದ ತಪ್ಪು ನಿರ್ಧಾರ ಬೇರೆ. ‘ಎ ಕ್ವಯಟ್ ಪ್ಲೇಸ್’ನಲ್ಲಿ ಜಲಪಾತದ ಬಳಿ ಅಪ್ಪ, ಮಗ ಜೋರಾಗಿ ಮಾತಾಡುತ್ತಾರೆ, ಏನೂ ಆಗುವುದಿಲ್ಲ, ಹಾಗಿದ್ದರೆ ಅಲ್ಲೇ ಯಾಕೆ ಮನೆ ಮಾಡಲಿಲ್ಲ ಎಂದು ಬಹಳ ಜನ ಕೇಳಿದ್ದಾರೆ. ಪ್ರಶ್ನೆ ನ್ಯಾಯವೇ, ಆದರೆ ನಿಯಮ ಮುರಿದಿಲ್ಲ. ದೊಡ್ಡ ಸದ್ದಿನ ಮರೆಯಲ್ಲಿ ಸಣ್ಣ ಸದ್ದು ಮುಚ್ಚಿಹೋಗುತ್ತದೆ ಎಂಬುದು ಆ ಲೋಕಕ್ಕೆ ಸರಿಯಾಗಿಯೇ ಇದೆ. ಹೆದರಿದ ಮನುಷ್ಯರು ತಪ್ಪು ಕೋಣೆಗೆ ಓಡುತ್ತಾರೆ, ಫೋನ್ ಮರೆಯುತ್ತಾರೆ, ಕಿರುಚುತ್ತಾರೆ. ಅದು ದೋಷವಲ್ಲ. ಹತ್ತು ನಿಮಿಷದ ಹಿಂದೆ ಜಾಣ್ಮೆ ತೋರಿದ ಅದೇ ಪಾತ್ರ ಕಾರಣವಿಲ್ಲದೆ ಪೆದ್ದಾಗಿ ವರ್ತಿಸಿದರೆ, ಅದು ಬರಹಗಾರರಿಗೆ ದಾರಿ ಕಾಣದ್ದರ ಗುರುತು.

ಗ್ರಾಫಿಕ್ಸ್ ಮತ್ತು ಪ್ರಾಸ್ತೆಟಿಕ್ಸ್

ಇಲ್ಲಿ ದುಡ್ಡಿನ ಲೆಕ್ಕ ಬಿಟ್ಟುಬಿಡಿ. 2024ರಲ್ಲಿ ವಿಶುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಪಡೆದ ‘ಗಾಡ್ಜಿಲ್ಲಾ ಮೈನಸ್ ಒನ್’ ಚಿತ್ರದ 610 ಎಫೆಕ್ಟ್ಸ್ ಶಾಟ್‌ಗಳನ್ನು ಮಾಡಿದ್ದು 35 ಜನರ ತಂಡ. ನೋಡಬೇಕಾದ್ದು ಜೀವಿಯ ಪಾದ ನೆಲಕ್ಕೆ ತಾಗುವಲ್ಲಿ ನೆರಳು ಕೂಡುತ್ತದೆಯೇ, ಗಾತ್ರಕ್ಕೆ ತಕ್ಕ ನಿಧಾನ ಇದೆಯೇ, ಚಿಮ್ಮುವ ನೀರಹನಿಗಳು ಆ ಗಾತ್ರಕ್ಕೆ ಸಾಕಷ್ಟು ಚಿಕ್ಕವಾಗಿವೆಯೇ, ಕೂದಲಿನ ಅಂಚು ಕತ್ತರಿಸಿ ಅಂಟಿಸಿದಂತಿದೆಯೇ ಎಂಬುದನ್ನು. ಮನುಷ್ಯ ಮುಖದಲ್ಲಿ ತಪ್ಪು ಬೇಗ ಸಿಕ್ಕಿಬೀಳುತ್ತದೆ. ‘ರೋಮ್ಯುಲಸ್’ ತಂಡ ಜೀವಿಗಳಿಗೆ ಯಂತ್ರಚಾಲಿತ ಬೊಂಬೆಗಳನ್ನು ಧಾರಾಳವಾಗಿ ಬಳಸಿ ಗೆದ್ದಿತು. ತೀರಿಕೊಂಡ ನಟರೊಬ್ಬರ ಮುಖವನ್ನು ಮರುಸೃಷ್ಟಿಸಲು ಹೋದಲ್ಲಿ ಮಾತ್ರ ತುಟಿಯ ಚಲನೆ ಕಣ್ಣಿಗೆ ಚುಚ್ಚಿತು. ‘ದಿ ಸಬ್‌ಸ್ಟೆನ್ಸ್’ಗೆ ಮೇಕಪ್ ವಿಭಾಗದ ಆಸ್ಕರ್ ಬಂದದ್ದು ಪ್ರಾಸ್ತೆಟಿಕ್ಸ್‌ಗೆ, ಅಂದರೆ ಚರ್ಮದ ಮೇಲೆ ನಿಜವಾಗಿ ಅಂಟಿಸಿದ ಕೃತಕ ಭಾಗಗಳ ಕೆಲಸಕ್ಕೆ.

ಒಳಾರ್ಥದ ಬಗ್ಗೆ ಒಂದು ಮಾತು. ‘ಈ ದೆವ್ವ ಅಂದರೆ ದುಃಖ’, ‘ಈ ರೋಬಾಟ್ ಅಂದರೆ ಗಂಡಾಳಿಕೆ’ ಎಂಬ ಓದು ಇತ್ತೀಚಿನ ವಿಮರ್ಶೆಗಳಲ್ಲಿ ತುಂಬಿದೆ. ಓದು ಸರಿಯೇ ಇರಬಹುದು. ಆದರೆ ಬೇಸರ ಹುಟ್ಟಿಸುವ ದೃಶ್ಯವನ್ನು ಒಳ್ಳೆಯ ಅರ್ಥ ಕಾಪಾಡುವುದಿಲ್ಲ. ಮೊದಲು ದೃಶ್ಯ ಹೇಗೆ ಕೆಲಸ ಮಾಡಿತು ಹೇಳಿ, ಆಮೇಲೆ ಅರ್ಥ.

ಬೈಯುವ ಮೊದಲು ಪರದೆಯನ್ನು ಅನುಮಾನಿಸಿ

‘ಏನೂ ಕಾಣಿಸದಷ್ಟು ಕತ್ತಲು’ ಎಂಬ ದೂರು ಹಾರರ್ ಚಿತ್ರಗಳಿಗೆ ಬರುವಷ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ಅರ್ಧಕ್ಕರ್ಧ ಅದು ಛಾಯಾಗ್ರಾಹಕರ ತಪ್ಪಲ್ಲ. ಚಿತ್ರಮಂದಿರದ ಪರದೆಯ ಬಿಳಿ ಬಣ್ಣ 48 ನಿಟ್ಸ್ (ಪರದೆಯ ಪ್ರಕಾಶದ ಅಳತೆ) ಇರಬೇಕೆಂಬುದು ಮಾನದಂಡ. ಪ್ರೊಜೆಕ್ಟರ್ ದೀಪ ಹಳೆಯದಾದಂತೆ ಅದು ಇಳಿಯುತ್ತದೆ. ಕತ್ತಲ ದೃಶ್ಯದ ವಿವರಗಳೇ ಮೊದಲು ಹೋಗುತ್ತವೆ. ಪರೀಕ್ಷೆ ಸರಳ: ಟೈಟಲ್ ಕಾರ್ಡಿನ ಬಿಳಿ ಅಕ್ಷರ ಅಥವಾ ಸಬ್‌ಟೈಟಲ್ ಬಿಳಿಯಾಗಿ ಹೊಳೆಯುವ ಬದಲು ಬೂದಿಯಾಗಿ ಕಂಡರೆ ತಪ್ಪು ಮಂದಿರದ್ದು. ಹೋಲಿಸಲು ‘ನೋಪ್’ (2022) ಚಿತ್ರದ ರಾತ್ರಿ ದೃಶ್ಯಗಳಿವೆ. ಅವನ್ನು ಹಗಲಲ್ಲೇ, ಒಂದು 65 ಎಂಎಂ ಫಿಲಂ ಕ್ಯಾಮೆರಾ ಮತ್ತು ಒಂದು ಇನ್‌ಫ್ರಾರೆಡ್ ಡಿಜಿಟಲ್ ಕ್ಯಾಮೆರಾವನ್ನು ಜೋಡಿಸಿ ಚಿತ್ರಿಸಿ ಬೆರೆಸಿದ್ದು. ಕಣಿವೆಯ ಆಳದವರೆಗೂ ಕಾಣಬೇಕು. ಅದೂ ಮಸಿಯಾಗಿ ಕಂಡರೆ ಪರದೆಯನ್ನೇ ಅನುಮಾನಿಸಿ.

ಮನೆಯಲ್ಲಿ ನೋಡುವವರು ಟಿವಿಯ ಮೋಷನ್ ಸ್ಮೂದಿಂಗ್ ಆರಿಸಬೇಕು. ಅದು 24 ಫ್ರೇಮ್‌ಗಳ ನಡುವೆ ಇಲ್ಲದ ಫ್ರೇಮ್ ಸೇರಿಸಿ ಎಲ್ಲವನ್ನೂ ಧಾರಾವಾಹಿಯಂತೆ ಮಾಡುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಹಾಕಿದರೆ ಸಾಕು. ಆಡಿಯೋದಲ್ಲಿ ನೈಟ್ ಮೋಡ್ ಬೇಡ, ಅದು ಪಿಸುಮಾತನ್ನು ಏರಿಸಿ ಹೊಡೆತವನ್ನು ಇಳಿಸುತ್ತದೆ. ಮೇಲೆ ಹೇಳಿದ ಮೌನ, ಸದ್ದುಗಳ ಅಂತರವೆಲ್ಲ ಸಮತಟ್ಟಾಗುತ್ತದೆ. ಕತ್ತಲ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳು ಕಂಡರೆ ಅದು ಸ್ಟ್ರೀಮಿಂಗ್‌ನ ಸಂಕೋಚನದ ಫಲ. 8 ಬಿಟ್ ಚಿತ್ರದಲ್ಲಿ ಒಂದು ಬಣ್ಣಕ್ಕೆ 256 ಹಂತ ಮಾತ್ರ, 10 ಬಿಟ್‌ನಲ್ಲಿ 1024; ಹಂತ ಕಡಿಮೆಯಾದಷ್ಟು ಪಟ್ಟೆ ಎದ್ದುಕಾಣುತ್ತದೆ. ಎಲ್ಲಿ, ಯಾವ ಫಾರ್ಮ್ಯಾಟ್‌ನಲ್ಲಿ ನೋಡಿದಿರೆಂದು ವಿಮರ್ಶೆಯಲ್ಲಿ ಬರೆಯಿರಿ. ‘ಸಿನ್ನರ್ಸ್’ (2025) ಎರಡು ಆಕಾರಗಳಲ್ಲಿ ಚಿತ್ರಿತ: 2.76:1ರ ಉದ್ದ ಪಟ್ಟಿ ಮತ್ತು 1.43:1ರ ಎತ್ತರದ ಐಮ್ಯಾಕ್ಸ್. ಎಲ್ಲ ಪರದೆಗಳಲ್ಲೂ ಆ ಎತ್ತರ ಸಿಗದು. ಚೌಕಟ್ಟು ಹಿಗ್ಗುವ ಕ್ಷಣವನ್ನು ಹೊಗಳಿದ ವಿಮರ್ಶೆ ಸಾಮಾನ್ಯ ಪರದೆಯಲ್ಲಿ ನೋಡಿದವರಿಗೆ ಅರ್ಥವಾಗುವುದೇ ಇಲ್ಲ.

ಟಿಪ್ಪಣಿ, ಸ್ಪಾಯ್ಲರ್, ಎಚ್ಚರಿಕೆ

ಕತ್ತಲಲ್ಲಿ ಫೋನ್ ತೆಗೆಯಬೇಡಿ. ಸಣ್ಣ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಒಂದೆರಡು ಪದ ಸಾಕು: ‘ನೀಲಿ ಬಾಗಿಲು, ಮೌನ, ಸುಳ್ಳು’. ಹೊರಬಂದ ತಕ್ಷಣ ಅದನ್ನು ಬಿಡಿಸಿ ಬರೆಯಿರಿ. ರಾತ್ರಿ ಕಳೆದರೆ ದೃಶ್ಯಗಳ ಕ್ರಮ ಕಲಸಿಹೋಗುತ್ತದೆ. ಹೆದರಿದ ಪ್ರತಿ ಜಾಗಕ್ಕೂ ಎದುರಿಗೆ ಕಾರಣವೊಂದು ಇರಲಿ: ಸದ್ದು, ಚೌಕಟ್ಟು, ಮಾಹಿತಿ, ನಟನೆ. ಯಾವುದು ಹೆಚ್ಚು ಬಂತೋ ಅಲ್ಲಿಂದಲೇ ವಿಮರ್ಶೆ ಶುರುವಾಗಲಿ.

ಸ್ಪಾಯ್ಲರ್‌ಗೆ ಗೆರೆ ಎಲ್ಲಿ ಎಳೆಯಬೇಕು? ಮೊದಲ ಕಾಲು ಭಾಗದಲ್ಲಿ ನಡೆಯುವುದನ್ನು ಹೇಳಬಹುದು, ಅದು ಸ್ವತಃ ತಿರುವಲ್ಲದಿದ್ದರೆ. ಟ್ರೇಲರ್‌ನಲ್ಲಿ ಇದೆ ಎಂಬುದು ಪರವಾನಗಿಯಲ್ಲ. ‘ಕಂಪ್ಯಾನಿಯನ್’ (2025) ಚಿತ್ರದ ಟ್ರೇಲರ್ ಆರಂಭದ ದೊಡ್ಡ ಗುಟ್ಟನ್ನೇ ಬಿಟ್ಟುಕೊಟ್ಟಿತ್ತು, ಅದನ್ನು ನೋಡದೆ ಹೋದವರ ಅನುಭವವೇ ಬೇರೆ. ‘ಕೊನೆಯಲ್ಲೊಂದು ತಿರುವಿದೆ, ಹೇಳುವುದಿಲ್ಲ’ ಎಂದು ಬರೆಯುವುದೂ ಸ್ಪಾಯ್ಲರ್. ಓದಿದವರು ಚಿತ್ರ ನೋಡುವ ಬದಲು ತಿರುವಿಗಾಗಿ ಕಾಯುತ್ತಾರೆ. ತಿರುವನ್ನೇ ತೂಗಬೇಕೆಂದಿದ್ದರೆ ಎರಡನೆಯ ಭಾಗವನ್ನು ಬೇರೆ ಮಾಡಿ, ತಲೆಬರಹದಲ್ಲೇ ಎಚ್ಚರಿಸಿ ಬರೆಯಿರಿ. ಆ ಭಾಗ ಬರೆಯುವ ಮೊದಲು ಚಿತ್ರವನ್ನು ಇನ್ನೊಮ್ಮೆ ನೋಡಲೇಬೇಕು: ಗುಟ್ಟು ಗೊತ್ತಿದ್ದು ನೋಡುವಾಗ ಹಿಂದಿನ ಮಾತು, ನೋಟಗಳಿಗೆ ಹೊಸ ಅರ್ಥ ಬಂತೇ, ಇಲ್ಲವೇ ನಮ್ಮ ಕಣ್ಣಿಗೆ ಮಣ್ಣೆರಚಲು ಪಾತ್ರಗಳು ತಮ್ಮ ತಮ್ಮಲ್ಲೇ ಸುಳ್ಳಾಡಿಕೊಂಡವೇ?

ಎಚ್ಚರಿಕೆಯ ಸಾಲುಗಳನ್ನು ಮಾತ್ರ ಸ್ಪಾಯ್ಲರ್ ಭಯದಿಂದ ಬಿಡಬೇಡಿ. ಮಕ್ಕಳ ಮೇಲಿನ ಹಿಂಸೆ, ಪ್ರಾಣಿಯ ಸಾವು, ಆತ್ಮಹತ್ಯೆ ಇದ್ದರೆ ಯಾರು, ಯಾವಾಗ ಎಂದು ಹೇಳದೆಯೇ ತಿಳಿಸಬಹುದು. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿಂಚುವ ಬೆಳಕು, ಬೆಳಕಿನಿಂದ ಕೆರಳುವ ಮೂರ್ಛೆರೋಗ ಇರುವವರಿಗೆ ಅಪಾಯ ತರಬಹುದು. ಹಾರರ್ ಚಿತ್ರಗಳಲ್ಲಿ ಅಂಥ ಸ್ಟ್ರೋಬ್ ದೃಶ್ಯಗಳು ಬರುತ್ತವೆ. ಎಷ್ಟನೇ ನಿಮಿಷದ ಸುಮಾರಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ವಿಮರ್ಶೆಯ ಮೊದಲಲ್ಲೇ ಬರೆಯಿರಿ, ಟಿಕೆಟ್ ಕೊಳ್ಳುವ ಮೊದಲು ಕಣ್ಣಿಗೆ ಬೀಳುವ ಹಾಗೆ.